ಬೆಚ್ಚನೆಯ ಪೈಪು, ತಣ್ಣನೆಯ ಬಕೆಟ್ಟು

ತಣ್ಣನೆಯ ಸಮುದ್ರಗಳ ತಳದಲ್ಲಿ ಬದುಕುವ ಹೈಡ್ರಾಯ್ಡ್ ಎಂಬ ಪುಟ್ಟ ಜೀವಿಗಳ ಬಗ್ಗೆ ಇಂದು ಯಾರೇ ಬರೆಯಲು ಕುಳಿತರೂ ನಮ್ಮ ಮೇಡಂ ಅವರನ್ನು ನೆನೆಯದೆ ಮುಂದಕ್ಕೆ ಹೋಗುವಂತಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಆ ಜೀವಿಗಳಲ್ಲಿ ಒಂದೇ ಒಂದು ಜಾತಿಯನ್ನು, ಬೆರಳುದ್ದಕ್ಕಿಂತ ಹೆಚ್ಚು ಬೆಳೆಯದ ಅದೊಂದನ್ನೇ ಆರಿಸಿಕೊಂಡು, ಅದರ ಬುಡದಿಂದ ಬಾಯಿಯವರೆಗಿನ ರಚನೆಯನ್ನೂ, ಅದು ಎಲ್ಲಿ ಬದುಕುತ್ತದೆ, ಎಲ್ಲಿ ಬದುಕುವುದಿಲ್ಲ ಎಂಬುದನ್ನೂ ತಿಳಿಯುವುದಕ್ಕೆ ತಮ್ಮ ಸೇವೆಯ ಎಲ್ಲ ವರ್ಷಗಳನ್ನೂ ಮುಡಿಪಿಟ್ಟವರು ಅವರು. ಸಮುದ್ರ ಅಷ್ಟು ದೊಡ್ಡದಿರುವಾಗ ಇಷ್ಟು ಚಿಕ್ಕದನ್ನು ಹಿಡಿದು ಕೂರುವುದೇ ಎಂದು ನಕ್ಕವರಿದ್ದರು. ನಕ್ಕವರೆಲ್ಲ ಈಗ ಅವರ ನಿವೃತ್ತಿಯ ಈ ಅಭಿನಂದನ ಗ್ರಂಥದಲ್ಲಿ ಲೇಖನ ಬರೆದಿದ್ದಾರೆ. ಅವರ ಹೆಸರು ಹೇಳಲು ಹೋಗುವುದಿಲ್ಲ.

ಮೇಡಂ ಅವರ ಪಾಂಡಿತ್ಯದ ಬಗ್ಗೆ ಬರೆಯಲು ಇಲ್ಲಿ ಬೇರೆಯವರಿದ್ದಾರೆ. ಸಂಸ್ಥೆಯ ಸಂಶೋಧನಾ ಹಡಗಿನಲ್ಲಿ ಡೆಕ್ಕಿನ ಮೇಸ್ತ್ರಿಯಾಗಿ ಅವರು ಹೇಳಿದ ಜಾಗದಲ್ಲಿ ಹಗ್ಗ ಇಳಿಸಿ, ಹೇಳಿದ ಜಾಗದಲ್ಲಿ ಎತ್ತಿದವನು ನಾನು. ಅವರು ತಳದಲ್ಲಿ ಹುಡುಕಿದ್ದನ್ನೆಲ್ಲ ಮೊದಲು ಕೆಸರಿನ ರೂಪದಲ್ಲಿ ಕಂಡವನು ನಾನೇ ಆದ್ದರಿಂದ ಆ ಕೆಸರಿನ ಕಡೆಯಿಂದ ನಾಲ್ಕು ಮಾತು ಬರಲಿ ಎಂದು ಸಂಪಾದಕರು ಕೇಳಿದರು. ಸಂತೋಷದಿಂದ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ, ಕೇಳದೆ ಇದ್ದಿದ್ದರೂ ಬರೆದು ಕೊಡುತ್ತಿದ್ದೆ.

ಅವರು ಹಡಗಿಗೆ ಬಂದ ಮೊದಲ ದಿನ ಇಂದಿಗೂ ಕಣ್ಣಿಗೆ ಕಟ್ಟಿದೆ. ಗಾಳಿ ಜೋರಾಗಿತ್ತು, ಹಡಗು ಕುಣಿಯುತ್ತಿತ್ತು. ಹೊಟ್ಟೆಯಲ್ಲಿದ್ದುದನ್ನೆಲ್ಲ ಸಮುದ್ರಕ್ಕೆ ಅರ್ಪಿಸಿ, ಮುಖ ಸುಣ್ಣದಂತೆ ಬಿಳಿಚಿಕೊಂಡಿದ್ದರೂ, ಮೇಡಂ ತೊಳೆಯುವ ತೊಟ್ಟಿಯ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಜರಡಿಯ ಮೇಲಿಂದ ಕಣ್ಣು ಕೀಳಲಿಲ್ಲ. ತಳದಿಂದ ಕೆಸರು ಕಚ್ಚಿಕೊಂಡು ಬರುವ ಕಬ್ಬಿಣದ ಯಂತ್ರಕ್ಕೆ ನಾವು ದವಡೆ ಎನ್ನುತ್ತೇವೆ. ಆ ದಿನ ದವಡೆ ತಂದ ಕೆಸರನ್ನು ತೊಳೆದಾಗ ಜರಡಿಯಲ್ಲಿ ನಸುಗೆಂಪು ತಲೆಯ, ತೆಳ್ಳನೆಯ ದಂಟಿನ ಒಂದು ವಸ್ತು ಉಳಿಯಿತು. ನಮ್ಮ ಅಡುಗೆಯವನು ಅದೇ ಹೊತ್ತಿಗೆ ಕಾಫಿ ತಂದಿದ್ದ. ಕೈಯಲ್ಲಿ ಸದಾ ಸೌಟು ಇರುವ ಕಾರಣ ಅವನಿಗೆ ಸೌಟಣ್ಣ ಎಂದೇ ಹೆಸರು.

"ಅಯ್ಯೋ, ಚೆನ್ನಾಗಿದೆಯಲ್ಲ ಹೂವು!" ಎಂದ ಸೌಟಣ್ಣ.

"ಹೂವಲ್ಲ ಕಣಣ್ಣ, ಬೇಟೆಗಾರ," ಎಂದರು ಮೇಡಂ. "ಆ ದಳ ಅಂತ ನೋಡ್ತಿದೀಯಲ್ಲ, ಅದು ಕೈಗಳು. ಒಂದೊಂದರಲ್ಲೂ ವಿಷದ ಮುಳ್ಳು ತುಂಬಿದೆ."

"ಹಾಗಾದ್ರೆ ನಮ್ಮ ಮನೆಯವಳ ತರಾನೇ."

"ಮನೆಯವರನ್ನ ಒಂದ್ಸಲ ಕರ್ಕೊಂಡು ಬಾ, ಈ ಮಾತು ಅವರ ಮುಂದೆ ಹೇಳು, ಕೇಳೋಣ."

ಅಂದಿನಿಂದ ಅವರಿಗೆ ಹಡಗಿನಲ್ಲಿ ಹೂವಿನ ಮೇಡಂ ಎಂಬ ಹೆಸರು ನಿಂತಿತು. ಹೂವಲ್ಲ, ಹೂವಲ್ಲ ಎಂದು ಅವರು ಎಷ್ಟು ತಿದ್ದಿದರೋ ಹೆಸರು ಅಷ್ಟೇ ಗಟ್ಟಿಯಾಯಿತು.

ಆ ಪ್ರಾಣಿಯ ಅಂಗರಚನೆಯನ್ನು ಅವರು ಮೊದಲು ಪಾಠ ಮಾಡಿದ್ದು ವಿದ್ಯಾರ್ಥಿಗಳಿಗಲ್ಲ, ನಮಗೆ. ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು ಒಬ್ಬೊಬ್ಬರನ್ನೇ ಕರೆದು ತೋರಿಸಿದರು. ಬುಡದಲ್ಲಿ ಕೂದಲಿನಂಥ ಎಳೆಗಳು. ಅವುಗಳಿಂದಲೇ ಅದು ಕೆಸರನ್ನು ಹಿಡಿದು ನಿಲ್ಲುವುದು. ಅದರ ಮೇಲೆ ಗಾಜಿನಂತೆ ಬೆಳಕು ಹಾಯುವ ಕಾಂಡ. ಕಾಂಡವನ್ನು ಅಡ್ಡಲಾಗಿ ತೆಳುವಾಗಿ ಕತ್ತರಿಸಿ ನೋಡಿದರೆ ಒಳಗಡೆ ಸುತ್ತಲೂ ಸಣ್ಣ ಸಣ್ಣ ಕಾಲುವೆಗಳ ಉಂಗುರ. ತುದಿಯಲ್ಲಿ ತಲೆ, ತಲೆಯ ಸುತ್ತ ಉದ್ದ ಕೈಗಳ ಒಂದು ಸಾಲು, ಬಾಯಿಯ ಸುತ್ತ ಗಿಡ್ಡ ಕೈಗಳ ಇನ್ನೊಂದು ಸಾಲು. ಎರಡು ಸಾಲುಗಳ ನಡುವೆ ದ್ರಾಕ್ಷಿಯ ಗೊಂಚಲಿನಂತೆ ಜೋತುಬಿದ್ದದ್ದು ಅದರ ಸಂತಾನದ ಮೊಗ್ಗುಗಳು. ಬದುಕಿರುವಾಗ ಅದು ದಂಟನ್ನು ಬಾಗಿಸಿ ಕೆಸರಿಗೆ ಮುಖ ತಾಗಿಸಿ, ಸಿಕ್ಕಿದ್ದನ್ನು ಹಿಡಿದು, ಮತ್ತೆ ನೆಟ್ಟಗಾಗುತ್ತದೆ. ನೆಲ ಒರೆಸುವವರು ಆಗಾಗ ಸೊಂಟ ನೆಟ್ಟಗೆ ಮಾಡಿಕೊಳ್ಳುವ ಹಾಗೆ ಎಂದು ಅವರು ಎದ್ದು ನಿಂತು ಅಭಿನಯಿಸಿ ತೋರಿಸಿದ್ದರು. ಅಷ್ಟು ತಿಳಿದ ಮೇಲೆ ಕೆಸರು ಎತ್ತುವ ಕೆಲಸ ನಮಗೆ ಮೊದಲಿನ ಹಾಗೆ ಉಳಿಯಲಿಲ್ಲ. ಯಾವ ದವಡೆಯಲ್ಲಿ ಯಾವ ಬೇಟೆಗಾರ ಬರುತ್ತಾನೋ ಎಂದು ಹಗ್ಗ ಮೇಲೆ ಬರುವಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.

ಅವರ ಯಜಮಾನರ ವಿಷಯ ಇಲ್ಲಿ ಹೇಳಲೇಬೇಕು. ಅವರು ಗಡಿಯಾರ ರಿಪೇರಿಯವರು. ಅಂಗಡಿ ಎಷ್ಟು ಕಿರಿದೆಂದರೆ ಗಿರಾಕಿ ಒಳಗೆ ಬಂದರೆ ಅವರು ಮೊಣಕೈ ಮಡಚಿಕೊಳ್ಳಬೇಕು. ಪ್ರಯೋಗಾಲಯದ ಅಲಗುಗಳು ಮೊಂಡು ಎಂದು ಹೆಂಡತಿ ಗೊಣಗಿದ್ದನ್ನು ಕೇಳಿ, ಕೈಗಡಿಯಾರದ ಹಳೆಯ ಸ್ಪ್ರಿಂಗುಗಳನ್ನು ಉಜ್ಜಿ ಉಜ್ಜಿ ಕೂದಲನ್ನೂ ಸೀಳುವಂಥ ಒಂದು ಪುಟ್ಟ ಅಲಗು ಮಾಡಿಕೊಟ್ಟರು. ಕಾಂಡದೊಳಗಿನ ಕಾಲುವೆಗಳ ಉಂಗುರ ಅಷ್ಟು ಸ್ಪಷ್ಟವಾಗಿ ಯಾರ ಪುಸ್ತಕದಲ್ಲೂ ಮೂಡದೆ ಮೇಡಂ ಪುಸ್ತಕದಲ್ಲಿ ಮಾತ್ರ ಮೂಡಿದ್ದು ಆ ಅಲಗಿನಿಂದ. "ಅವಳಿಗೆ ನಾನು ಕೊಟ್ಟ ಒಡವೆ ಅದೊಂದೇ," ಎಂದು ಅವರು ಹೇಳಿಕೊಂಡು ನಗುತ್ತಾರೆ. "ಅದನ್ನೂ ಕೆಸರಿಗೆ ಹಾಕ್ತಾಳೆ."

ಇನ್ನು ಅವರ ದಯೆಯ ವಿಷಯ. ನಮ್ಮ ಸಮುದ್ರದ ನೀರು ಯಾವ ಕಾಲದಲ್ಲೂ ಬೆಚ್ಚಗಾಗುವುದಿಲ್ಲ. ಮೊದಲೆಲ್ಲ ಅದೇ ನೀರಿನಲ್ಲಿ ಕೆಸರು ತೊಳೆಯುತ್ತಿದ್ದೆವು. ಬೆರಳುಗಳು ಮರಗಟ್ಟುತ್ತಿದ್ದವು, ಒಡೆಯುತ್ತಿದ್ದವು. ನಾವು ಮೊದಲು ಕೈಗೆತ್ತಿಕೊಂಡಿದ್ದ, ಸಮುದ್ರತಳದ ಉತ್ತರದ ದಿಬ್ಬದ ಸಮೀಕ್ಷೆ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಮೇಡಂ ಜರಡಿಗೆ ಬಗ್ಗಿ, "ಈ ಕೆಂಪು ಬಣ್ಣ ಯಾವುದರದ್ದು ಮೇಸ್ತ್ರಿಗಳೇ? ಇದನ್ನ ನಾನು ನೋಡೇ ಇಲ್ಲ!" ಎಂದು ಉತ್ಸಾಹದಿಂದ ಕೇಳಿದರು.

"ಹೊಸದೇನಲ್ಲ ಮೇಡಂ, ನನ್ನದೇ," ಎಂದು ಬೆರಳು ತೋರಿಸಿದೆ.

ಅವರು ನಗಲಿಲ್ಲ. ನನ್ನ ಕೈ ಹಿಡಿದು ತಿರುಗಿಸಿ ನೋಡಿದರು, ಆಮೇಲೆ ಉಳಿದವರ ಕೈಗಳನ್ನೂ ನೋಡಿದರು. ನೇರವಾಗಿ ಎಂಜಿನ್ ಕೋಣೆಗೆ ಇಳಿದು ಹೋದರು. ಎಂಜಿನ್ನು ತಂಪಾಗಿಸಿ ಹೊರಗೆ ಹೋಗುವ ನೀರು ಉಗುರುಬೆಚ್ಚಗಿರುತ್ತದೆ. ಸುಮ್ಮನೆ ಸಮುದ್ರಕ್ಕೆ ಬೀಳುವ ಆ ನೀರಿಗೆ ಪೈಪು ಜೋಡಿಸಿ ತೊಳೆಯುವ ತೊಟ್ಟಿಗೆ ತರಬೇಕೆಂದು ಪಟ್ಟು ಹಿಡಿದರು. ಎಂಜಿನ್ ಕೋಣೆಯವರು ಆಗಲ್ಲ ಎಂದರು. ಆಗುವವರೆಗೆ ಕೆಸರು ಎತ್ತುವುದಿಲ್ಲ ಎಂದರು ಮೇಡಂ. ಪೈಪು ಬಂತು. ಬೆಚ್ಚನೆಯ ನೀರಿಗೆ ಕೈ ಇಟ್ಟ ಆ ದಿನ ನಾವೆಲ್ಲರೂ ಮದುವೆ ಮನೆಯವರ ಹಾಗೆ ನಗುತ್ತಿದ್ದೆವು. ತೊಟ್ಟಿಯ ಮೇಲೆ ಅವರೇ ಬಿಳಿ ಬಣ್ಣದಲ್ಲಿ ನಿಯಮ ಬರೆದರು: ಮೊದಲು ತೊಳೆ, ಆಮೇಲೆ ನೋಡು. ಮುಂದೆ ಬಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಆ ಅಕ್ಷರಗಳ ಕೆಳಗೆ ನಿಂತೇ ಕೆಲಸ ಕಲಿತ.

ಆ ಮೇಲೆ ನಾವು ದಕ್ಷಿಣದ ತಗ್ಗಿನ ಕಡೆಗೆ ಹೊರಳಿದೆವು. ಅದು ಸಮುದ್ರತಳದ ಒಂದು ಉದ್ದನೆಯ, ಆಳವಾದ, ಇನ್ನೂ ಹೆಚ್ಚು ತಣ್ಣನೆಯ ಕಣಿವೆ. ಅಂಥ ಕಡೆ ನಮ್ಮ ಬೇಟೆಗಾರ ಗುಂಪುಗುಂಪಾಗಿ ಇರಬೇಕಿತ್ತು. ವರ್ಷವರ್ಷ ಹೋದೆವು, ದವಡೆ ಇಳಿಸಿದೆವು, ಎತ್ತಿದೆವು, ತೊಳೆದೆವು. ಒಂದು ತಲೆಯೂ ಕಾಣಲಿಲ್ಲ. ಹುಳುಗಳ ಹಳೆಯ ಗೂಡಿನಂತೆ ಮುದುಡಿದ ದಾರದಂಥ ಕಡ್ಡಿಗಳು ಸಿಗುತ್ತಿದ್ದವು ಅಷ್ಟೇ. ಏನನ್ನೂ ಎಸೆಯದ ಮೇಡಂ ಅವನ್ನೂ ಶೀಶೆಗಳಲ್ಲಿ ತುಂಬಿಸಿ, ಸಂಸ್ಥೆಯ ಸಂಗ್ರಹದ ಕೋಣೆಯಲ್ಲಿ, ಇನ್ನೂ ಗುರುತು ಸಿಗದವುಗಳ ಕಪಾಟಿನಲ್ಲಿ ಇಡಿಸಿದರು. ಆ ಕಪಾಟಿನ ಮೇಲೆ ಅವರದೇ ಕೈಬರಹದ ಚೀಟಿ ಇದೆ: ಏನೋ ಒಂದು.

ಕೊನೆಗೆ ನಕ್ಷೆ ಅಚ್ಚಾಯಿತು. ಉತ್ತರದ ದಿಬ್ಬದ ತುಂಬ ಕೆಂಪು ಚುಕ್ಕೆಗಳು. ದಕ್ಷಿಣದ ತಗ್ಗು ಪೂರ್ತಿ ಖಾಲಿ. ಸಂಸ್ಥೆಯ ಪಡಸಾಲೆಯಲ್ಲಿ ಅದನ್ನು ಚೌಕಟ್ಟು ಹಾಕಿಸಿ ತೂಗುಹಾಕಿದರು. ದೇಶ ವಿದೇಶದ ಪುಸ್ತಕಗಳು ಅದನ್ನು ಎತ್ತಿಕೊಂಡವು. ತಗ್ಗಿನಲ್ಲಿ ಏಕಿಲ್ಲ ಎಂಬುದಕ್ಕೆ ಬೇರೆ ಬೇರೆ ಊರಿನ ವಿದ್ವಾಂಸರು ಬೇರೆ ಬೇರೆ ಕಾರಣ ಕೊಟ್ಟು ಲೇಖನ ಬರೆದರು. ಮೇಡಂ ಮಾತ್ರ ಆ ನಕ್ಷೆಯ ಮುಂದೆ ಹಾದುಹೋಗುವಾಗಲೆಲ್ಲ ಒಂದು ಕ್ಷಣ ನಿಂತು, ಮನೆಯ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಯೋಚಿಸುವವರ ಹಾಗೆ ಮುಖ ಮಾಡುತ್ತಿದ್ದರು.

ಅವರ ನಿವೃತ್ತಿಯ ವರ್ಷ ಬಂತು. ಅದೇ ವರ್ಷ ಬಂದರನ್ನು ಆಳ ಮಾಡುವ ಕೆಲಸವೂ ಶುರುವಾಗುವುದಿತ್ತು. ಬಗೆದು ತೆಗೆದ ಹೂಳನ್ನು ಎಲ್ಲಾದರೂ ಸುರಿಯಬೇಕಲ್ಲ? ಬಂದರಿನ ಎಂಜಿನಿಯರ್ ಒಂದು ಮಧ್ಯಾಹ್ನ ಸುರುಳಿ ಸುತ್ತಿದ ಕಾಗದ ಹಿಡಿದು ಸಂಸ್ಥೆಗೆ ಬಂದರು. ಒಳ್ಳೆಯ ಮನುಷ್ಯ, ಮಾತಿನಲ್ಲಿ ಮರ್ಯಾದೆ. ಕಾಗದ ಬಿಡಿಸಿದರೆ ಅದು ಮೇಡಂ ಅವರದೇ ನಕ್ಷೆ.

"ನೋಡಿ ಮೇಡಂ, ಹೂಳು ಸುರಿಯೋಕೆ ಇಂಥ ಅಪರೂಪದ ಜೀವಿ ಇಲ್ಲದ ಜಾಗ ಬೇಕು ಅಂತ ನಿಯಮ. ನೀವೇ ತೋರಿಸಿಕೊಟ್ಟಿದೀರಿ. ದಕ್ಷಿಣದ ತಗ್ಗು. ನಿಮ್ಮದೊಂದು ಸಹಿ ಸಾಕು."

ಮೇಡಂ ಆ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಸಹಿಗೆ ಮುಂಚೆ ಒಂದ್ಸಲ ಹೋಗಿ ಬರ್ತೀನಿ," ಎಂದರು.

"ಎಷ್ಟೋ ಸಲ ಹೋಗಿದೀರಲ್ಲ?"

"ಹೋಗಿದೀನಿ. ಈ ಪ್ರಾಣಿಯ ಮರಿಗಳು ಈಜಲ್ಲ ಸಾರ್, ತಾಯಿಯ ಬುಡದಲ್ಲೇ ತೆವಳಿ ನೆಲೆ ನಿಲ್ತವೆ. ಒಂದು ಕಡೆ ಹೂತುಹೋದ್ರೆ ಇನ್ನೊಂದು ಕಡೆಯಿಂದ ಬಂದು ತುಂಬಲ್ಲ. ಒಂದ್ಸಲ ಹೋದ್ರೆ ಹೋದ ಹಾಗೇ. ಅದಕ್ಕೆ ಇನ್ನೊಂದ್ಸಲ."

ಹೀಗೆ ಅವರ ಸೇವೆಯ ಕೊನೆಯದೆಂದು ನಾವು ತಿಳಿದಿದ್ದ ಯಾನ ದಕ್ಷಿಣದ ತಗ್ಗಿಗೇ ಆಯಿತು. ನಮಗೆಲ್ಲ ಗೊತ್ತಿತ್ತು, ಏನೂ ಸಿಗದಿದ್ದರೆ ಹಿಂದಿರುಗಿದ ಕೂಡಲೇ ಅವರು ಸಹಿ ಹಾಕಬೇಕು, ಹೂಳಿನ ದೋಣಿಗಳು ಹೊರಡುತ್ತವೆ. ಜಾಗ ತಲುಪಿದೆವು. ಮೊದಲ ದವಡೆ ಎತ್ತಿದೆವು. ಸರಿಯಾಗಿ ಆಗಲೇ ಬೆಚ್ಚನೆಯ ನೀರಿನ ಪೈಪು ಒಡೆದು ಡೆಕ್ಕಿನ ತುಂಬ ನೀರು ಚಿಮ್ಮಿತು. ತೊಳೆಯುವ ಹಾಗಿಲ್ಲ. ರಿಪೇರಿಗೆ ಹೊತ್ತು ಹಿಡಿಯುತ್ತದೆ ಎಂದರು ಎಂಜಿನ್ ಕೋಣೆಯವರು. ಕೆಸರು ಬಿಸಿಲಿಗೆ ಕೆಡಬಾರದೆಂದು ಮೇಡಂ ಅದನ್ನು ತಳದ ನೀರಿನ ಸಮೇತ ಒಂದು ಬಕೆಟ್ಟಿಗೆ ಸುರಿಸಿಕೊಂಡು ಸೌಟಣ್ಣನ ಶೀತಲ ಕೋಣೆಯಲ್ಲಿ ಇಡಿಸಿದರು.

ಸೌಟಣ್ಣ ಬಾಗಿಲಿಗೆ ಅಡ್ಡ ನಿಂತ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ ಮೇಡಂ, ಸರಿ. ಆದ್ರೆ ಮೊಸರಿನ ಪಕ್ಕಾನೇ ಕೆಸರು ಇಡಿ ಅಂತ ಯಾವ ಗಾದೆಯಲ್ಲೂ ಇಲ್ಲ!"

"ಒಂದೇ ಒಂದು ಬಕೆಟ್ ಕಣಣ್ಣ. ಮುಚ್ಚಳ ಹಾಕ್ತೀನಿ."

"ನಾಳೆ ಊಟದಲ್ಲಿ ಹುಳ ಬಂದ್ರೆ ಮೇಸ್ತ್ರಿ ನನ್ನ ಕೇಳಬಾರದು."

"ನಿನ್ನ ಊಟದಲ್ಲಿ ಇಷ್ಟು ದಿನ ಬಂದಿರೋದನ್ನೆಲ್ಲ ನಾನು ಕೇಳಿದೀನಾ?" ಎಂದೆ ನಾನು. ಅವನು ಸೌಟು ಎತ್ತಿದ. ಬಕೆಟ್ಟು ಒಳಗೆ ಹೋಯಿತು.

ಮರುದಿನ ಬೆಳಿಗ್ಗೆ ಪೈಪಿನ ರಿಪೇರಿ ಮುಗಿದಿತ್ತು. ಎರಡನೇ ದವಡೆಗೆ ಹಗ್ಗ ಸಿದ್ಧ ಮಾಡುತ್ತಿದ್ದೆ. ಅಡುಗೆಮನೆಯಿಂದ ಒಂದು ಕೂಗು ಬಂತು. ಕೈ ಸುಟ್ಟುಕೊಂಡನೋ ಏನೋ ಎಂದು ಓಡಿದೆ.

"ಮೇಡಂ! ಮೇಡಂ! ಬೇಗ ಬನ್ನಿ! ನಿಮ್ಮ ಕೆಸರು ಹೂ ಬಿಟ್ಟಿದೆ!"

ಮೇಡಂ ಬರಿಗಾಲಿನಲ್ಲೇ ಬಂದರು. ಶೀತಲ ಕೋಣೆಯಲ್ಲಿ ಎಲೆಕೋಸಿನ ಬುಟ್ಟಿಗೂ ಹಾಲಿನ ಕ್ಯಾನುಗಳಿಗೂ ನಡುವೆ ಬಕೆಟ್ಟು. ಮುಚ್ಚಳ ತೆಗೆದು ಸೌಟಣ್ಣ ಪಕ್ಕಕ್ಕೆ ನಿಂತಿದ್ದ, ಜೀವಮಾನದಲ್ಲಿ ಮೊದಲ ಸಲ ಕೈಯಲ್ಲಿ ಸೌಟಿಲ್ಲದೆ. ಕೆಸರು ತಳಕ್ಕೆ ಕೂತು ನೀರು ತಿಳಿಯಾಗಿತ್ತು. ಆ ತಿಳಿನೀರಿನಲ್ಲಿ, ಕೆಸರಿನ ಮೇಲೆ, ನಸುಗೆಂಪು ತಲೆಗಳು. ಒಂದಲ್ಲ, ಒಂದು ತೋಟ. ಕೆಲವು ನೆಟ್ಟಗೆ ನಿಂತಿದ್ದವು, ಕೆಲವು ಬಾಗಿ ಕೆಸರಿಗೆ ಮುಖ ತಾಗಿಸಿ ನಿಧಾನವಾಗಿ ಏಳುತ್ತಿದ್ದವು, ಮೇಡಂ ಎಷ್ಟೋ ವರ್ಷದ ಹಿಂದೆ ಊಟದ ಮೇಜಿನ ಮುಂದೆ ಅಭಿನಯಿಸಿ ತೋರಿಸಿದ್ದ ಹಾಗೆಯೇ. ಎರಡು ಸಾಲು ಕೈಗಳ ನಡುವೆ ಗೊಂಚಲು ಗೊಂಚಲು ಮೊಗ್ಗು. ಇವು ಎಲ್ಲಿಂದಲೋ ತೇಲಿ ಬಂದ ಅನಾಥರಲ್ಲ, ಇಲ್ಲೇ ಸಂಸಾರ ಹೂಡಿದವರು.

ಮೇಡಂ ಮಂಡಿಯೂರಿ ಕೂತರು. "ಹೂವಲ್ಲ..." ಎಂದು ಶುರು ಮಾಡಿದರು. ಅಲ್ಲಿಗೇ ಬಿಟ್ಟು ತಲೆಗಳನ್ನು ಎಣಿಸತೊಡಗಿದರು. ನಾವು ಮೂವರೂ ಆ ಚಳಿಯಲ್ಲಿ, ಹಲ್ಲು ಕಟಕಟ ಎನ್ನುತ್ತಿದ್ದರೂ, ಕದಲದೆ ನೋಡುತ್ತ ಇದ್ದೆವು.

ಬೇರೆಯವರಾಗಿದ್ದರೆ ಅಲ್ಲಿಗೆ ಕುಣಿದಾಡಿ ಊರಿಗೆ ತಂತಿ ಹೊಡೆಯುತ್ತಿದ್ದರು. ಮೇಡಂ ಹಾಗೆ ಮಾಡಲಿಲ್ಲ. ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಈ ಸಲ ನಾವು ಏನು ಬೇರೆ ಮಾಡಿದ್ವಿ?" ಉತ್ತರ ಬಾಯಿಂದ ಬರುವ ಮೊದಲೇ ಮೂವರ ಕಾಲೂ ಡೆಕ್ಕಿನ ತೊಟ್ಟಿಯ ಕಡೆ ಹೊರಟವು. ಅವರು ಒಂದು ಪ್ರಾಣಿಯನ್ನು ಬುಡದ ಕೆಸರು, ತಣ್ಣೀರಿನ ಸಮೇತ ಲೋಟಕ್ಕೆ ಎತ್ತಿಕೊಂಡು, ಪೈಪಿನ ಬೆಚ್ಚನೆಯ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿದರು. ಕೈಗಳು ಮುದುಡಿದವು. ಕತ್ತಿನ ಬಳಿ ಕಾಂಡ ಸಣ್ಣಗಾಯಿತು. ನೋಡನೋಡುತ್ತಿದ್ದಂತೆ ತಲೆ ಕಳಚಿ ಲೋಟದ ತಳಕ್ಕೆ ಬಿತ್ತು. ಕಾಂಡ ಸೊರಗಿ ದಾರವಾಯಿತು. ಹುಳುವಿನ ಹಳೆಯ ಗೂಡಿನಂಥ ಒಂದು ಕಡ್ಡಿ.

ಆ ಕಡ್ಡಿಗಳನ್ನು ನಾವು ಎಲ್ಲಿ ನೋಡಿದ್ದೇವೆಂದು ಯಾರೂ ಹೇಳಬೇಕಾಗಿರಲಿಲ್ಲ. ಉತ್ತರದಲ್ಲಿ ತಣ್ಣೀರಿನಲ್ಲಿ ತೊಳೆದೆವು, ತಲೆಗಳು ಸಿಕ್ಕವು. ದಕ್ಷಿಣಕ್ಕೆ ಬರುವ ಹೊತ್ತಿಗೆ ಬೆಚ್ಚನೆಯ ಪೈಪು ಬಂದಿತ್ತು. ನಾವೇ ಅವುಗಳ ತಲೆ ಕಳಚಿ, ಜರಡಿಯ ಕಣ್ಣಿನಿಂದ ಸಮುದ್ರಕ್ಕೆ ಹರಿಯಬಿಟ್ಟು, ಇಲ್ಲಿ ಏನೂ ಇಲ್ಲ ಎಂದು ಬರೆದುಕೊಂಡು ಬಂದಿದ್ದೆವು. ಜಗತ್ತಿನ ವಿದ್ವಾಂಸರು ಕಾರಣ ಹುಡುಕಿ ಹುಡುಕಿ ಸುಸ್ತಾದ, ದಿಬ್ಬಕ್ಕೂ ತಗ್ಗಿಗೂ ನಡುವಿನ ಆ ಗಡಿ, ಸಮುದ್ರದಲ್ಲಿ ಇರಲೇ ಇಲ್ಲ.

"ಮೇಡಂ, ಆ ಪೈಪು ತಂದಿದ್ದು ನಮ್ಮ ಕೈಗೋಸ್ಕರ," ಎಂದೆ.

"ಹೌದು ಮೇಸ್ತ್ರಿಗಳೇ. ಅದನ್ನೂ ಬರೀತೀನಿ. ಕೈ ಬೆಚ್ಚಗಿಟ್ಟಿದ್ದು ತಪ್ಪು ಅಂತ ಮಾತ್ರ ಬರೆಯಲ್ಲ." ಆಮೇಲೆ ಅವರ ಮುಖದ ತುಂಬ ನಗು ಹರಡಿತು. ಅಂಥ ನಗುವನ್ನು ನಾನು ಅವರ ಮುಖದಲ್ಲಿ ಅದಕ್ಕೂ ಮೊದಲು ನೋಡಿರಲಿಲ್ಲ. "ಇವೆ ಮೇಸ್ತ್ರಿಗಳೇ! ಇಷ್ಟು ವರ್ಷ ಇಲ್ಲೇ ಇದ್ವು! ಇವೆ!"

ಊರಿಗೆ ಮರಳಿದ ಮೇಲೆ ಅವರು ಮನೆಗೆ ಹೋಗಲಿಲ್ಲ. ಸಂಗ್ರಹದ ಕೋಣೆಯ ಬಾಗಿಲು ತೆರೆಸಿ, 'ಏನೋ ಒಂದು' ಕಪಾಟಿನ ಶೀಶೆಗಳನ್ನೆಲ್ಲ ಮೇಜಿಗೆ ಇಳಿಸಿದರು. ಯಜಮಾನರು ಊಟದ ಡಬ್ಬಿ ಹಿಡಿದು ಬಂದರು. ಅಲಗಿನ ಮೊನೆ ಮೊಂಡಾಗಿದೆ ಎಂದು ಕಂಡು ಅಲ್ಲೇ ಕೂತು ಮಸೆದುಕೊಟ್ಟರು. ತಗ್ಗಿನ ಒಂದೊಂದು ಜಾಗದ ಕಡ್ಡಿಯನ್ನೂ ಮೇಡಂ ತೆಳುವಾಗಿ ಕತ್ತರಿಸಿ ನೋಡಿದರು. ಹುಳುವಿನ ಗೂಡಾಗಿದ್ದರೆ ಒಳಗೆ ಟೊಳ್ಳು ಇರಬೇಕು. ಟೊಳ್ಳಿರಲಿಲ್ಲ. ಸುತ್ತಲೂ ಕಾಲುವೆಗಳ ಉಂಗುರ! ಒಂದಾದ ಮೇಲೆ ಒಂದು, ಒಂದಾದ ಮೇಲೆ ಒಂದು, ಉಂಗುರ. "ನೀವೂ ನೋಡಿ, ನೀವೂ ನೋಡಿ," ಎಂದು ಗುಡಿಸಲು ಬಂದವರನ್ನೂ ಬಿಡದೆ ಕರೆದು ತೋರಿಸಿದರು. ಒಂದು ಶೀಶೆ ಮುಗಿದಾಗಲೆಲ್ಲ ನಾನು ನಕ್ಷೆಯ ಖಾಲಿ ಜಾಗದಲ್ಲಿ ಕೆಂಪು ಚುಕ್ಕೆ ಇಡುವುದು, ಯಜಮಾನರು ಮುಂದಿನ ಶೀಶೆಯ ಮುಚ್ಚಳ ತಿರುಚುವುದು. ಸಂಜೆಯ ಹೊತ್ತಿಗೆ ತಗ್ಗಿನ ತುಂಬ ಕೆಂಪು. ಪ್ರಾಣಿಯ ಒಡಲಿನ ಬಗ್ಗೆ ಅವರು ಮೊದಲು ಕಲಿತದ್ದೇ ಅದರ ನೆಲೆಯ ಬಗ್ಗೆ ಆದ ತಪ್ಪನ್ನು ತಿದ್ದಿತು.

ಬಂದರಿನವರ ಜೊತೆಗಿನ ಸಭೆಗೆ ಮುಂಚೆ ನಮ್ಮ ಸಂಸ್ಥೆಯ ನಿರ್ದೇಶಕರು ಮೇಡಂ ಅವರನ್ನು ಪಕ್ಕಕ್ಕೆ ಕರೆದರು. ನಾನು ಬಕೆಟ್ಟು ಹಿಡಿದು ಅಲ್ಲೇ ಇದ್ದುದರಿಂದ ಕೇಳಿಸಿತು. ಪ್ರೀತಿಯಿಂದಲೇ ಹೇಳಿದರು, "ಹೊಸ ವಿಧಾನದಿಂದ ಹೊಸ ಸಂಗತಿ ತಿಳೀತು ಅಂದ್ರೆ ಸಾಕಲ್ವಾ? ನಿವೃತ್ತಿ ಹತ್ರ ಇದೆ. ತಪ್ಪು ಅನ್ನೋ ಮಾತು ಯಾಕೆ?"

"ತಪ್ಪು ಅಂತ ಹೇಳದಿದ್ರೆ, ಬೇರೆ ಹಡಗಿನವರು ತಮ್ಮ ಪೈಪು ಮುಟ್ಟಿ ನೋಡಲ್ಲ ಸಾರ್," ಎಂದರು ಮೇಡಂ.

ಸಭೆಯಲ್ಲಿ ಎಲ್ಲವನ್ನೂ ನೇರವಾಗಿ ಹೇಳಿದರು. ನಕ್ಷೆ ನನ್ನದು, ನಿಯಮ ನನ್ನದು, ತಪ್ಪು ನನ್ನದು ಎಂದರು. ಬಂದರಿನ ಎಂಜಿನಿಯರ್ ಪಾಪ, ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅವರಿಗೂ ಮೇಲಿನವರಿಗೆ ಉತ್ತರ ಹೇಳಬೇಕಲ್ಲ. ಕೊನೆಗೆ ಕೇಳಿದರು: "ಕೋಪ ಮಾಡ್ಕೋಬೇಡಿ ಮೇಡಂ. ಹಳೇ ನಕ್ಷೆ ನಂಬಿದ್ವಿ, ಅದು ತಪ್ಪು ಅಂತೀರಿ. ಈಗ ಈ ಹೊಸ ನಕ್ಷೆ ಹೇಗೆ ನಂಬೋದು?"

ನಾನು ಬಕೆಟ್ಟನ್ನು ಮೇಜಿನ ಹತ್ತಿರಕ್ಕೆ ತಂದಿಟ್ಟೆ.

"ನಂಬಬೇಡಿ," ಎಂದರು ಮೇಡಂ. "ಹಡಗು ಹತ್ತಿ. ಜಾಗ ನೀವೇ ಆರಿಸಿ. ಬಕೆಟ್ ನೀವೇ ಹಿಡೀರಿ."

ಅವರು ನಿಜವಾಗಿಯೂ ಬಂದರು! ದಾರಿಯುದ್ದಕ್ಕೂ ಸಮುದ್ರಕ್ಕೆ ಅರ್ಪಣೆ ಮಾಡುತ್ತಲೇ ಬಂದರು. ಮೇಡಂ ಅವರ ಬೆನ್ನು ತಟ್ಟುತ್ತ, "ನನಗೂ ಮೊದಲು ಹೀಗೇ," ಎನ್ನುತ್ತಿದ್ದರು. ಎಂಜಿನಿಯರ್ ನಕ್ಷೆಯಲ್ಲಿ ಕಣ್ಣು ಮುಚ್ಚಿ ಬೆರಳಿಟ್ಟ ಜಾಗದಲ್ಲೇ ದವಡೆ ಇಳಿಸಿದೆ. ಆ ಹಗ್ಗ ಮೇಲೆ ಬರುವಾಗ ನನ್ನ ಎದೆ ಹೊಡೆದುಕೊಂಡ ಹಾಗೆ ಸೇವೆಯಲ್ಲಿ ಎಂದೂ ಹೊಡೆದುಕೊಂಡಿರಲಿಲ್ಲ. ಕೆಸರು ಬಕೆಟ್ಟಿಗೆ ಬಿತ್ತು. ಎಂಜಿನಿಯರ್ ತಾವೇ ಅದನ್ನು ಎತ್ತಿಕೊಂಡು ಹೋಗಿ ಎಲೆಕೋಸಿನ ಪಕ್ಕ ಇಟ್ಟು, ಬಾಗಿಲಿಗೆ ತಾವೇ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಹಾಲು ಒಳಗೇ ಉಳಿಯಿತು. ಅಂದು ಸೌಟಣ್ಣ ಎಲ್ಲರಿಗೂ ಕಪ್ಪು ಕಾಫಿ ಕೊಟ್ಟು, ಕೊಡುವಾಗಲೆಲ್ಲ ಅವರ ಜೇಬನ್ನೇ ದುರುಗುಟ್ಟಿ ನೋಡಿದ.

ಮರುದಿನ ಬೀಗ ತೆಗೆದವರೂ ಅವರೇ, ಮುಚ್ಚಳ ಎತ್ತಿದವರೂ ಅವರೇ. ನಾವು ಹಿಂದೆ ನಿಂತಿದ್ದೆವು. ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಅದು ಬಕೆಟ್ಟಿನ ಮೇಲೆ ಇನ್ನಷ್ಟು ಬಾಗಿತು. ಆಮೇಲೆ ತಿರುಗದೆಯೇ, ಮಗುವನ್ನು ಎಬ್ಬಿಸಬಾರದೆಂಬಂತೆ ಮೆಲ್ಲಗೆ ಕೇಳಿದರು: "ಮೇಡಂ, ಈ ಬಗ್ಗಿರೋದು ಏನು ಮಾಡ್ತಿದೆ?"

"ಊಟ," ಎಂದರು ಮೇಡಂ.

ಹೂಳಿನ ದೋಣಿಗಳು ತಗ್ಗಿಗೆ ಹೋಗಲಿಲ್ಲ. ಆ ಹೂಳನ್ನು ಹಡಗು ನಿಲ್ಲುವ ಹೊಸ ಧಕ್ಕೆಯ ಗೋಡೆಯ ಹಿಂದೆ ತುಂಬಬಹುದೆಂದು ಲೆಕ್ಕ ಹಾಕಿ, ಮೇಲಿನವರನ್ನು ಒಪ್ಪಿಸಿದವರು ಅದೇ ಎಂಜಿನಿಯರ್. ಅವರ ಲೇಖನವೂ ಈ ಗ್ರಂಥದಲ್ಲಿದೆ. ಮೇಡಂ ಬರೆದ ತಿದ್ದುಪಡಿಯನ್ನು ಓದಿ ಬೇರೆ ದೇಶಗಳ ಹಡಗಿನವರೂ ತಮ್ಮ ತೊಟ್ಟಿಯ ನೀರನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಾರಂತೆ. ಪಡಸಾಲೆಯ ಹಳೆಯ ನಕ್ಷೆಯನ್ನು ತೆಗೆಸಲು ಅವರು ಒಪ್ಪಲಿಲ್ಲ. ಅದರ ಪಕ್ಕದಲ್ಲೇ ಹೊಸದನ್ನು ತೂಗುಹಾಕಿಸಿದ್ದಾರೆ. ನಮ್ಮ ಕೈಗಳಿಗೆ ಒಳಗೆ ಉಣ್ಣೆಯಿರುವ ರಬ್ಬರಿನ ಗವಸು ಬಂದಿದೆ. ಅದು ಬರುವವರೆಗೆ ಹಡಗು ಹೊರಡಬಾರದೆಂದು ಮತ್ತೆ ಪಟ್ಟು ಹಿಡಿದವರು ಯಾರೆಂದು ಹೇಳಬೇಕಿಲ್ಲ.

ಲೋಟದಲ್ಲಿ ತಲೆ ಕಳಚಿಕೊಂಡ ಆ ಬಡಪಾಯಿಯ ಕಥೆ ಬಾಕಿ ಉಳಿಯಿತು. ಮೇಡಂ ಅದನ್ನು ಎಸೆದಿರಲಿಲ್ಲ. ತಣ್ಣೀರಿಗೆ ಮರಳಿ ಹಾಕಿ, ಶೀತಲ ಕೋಣೆಯ ಮೂಲೆಯಲ್ಲಿ ಇಟ್ಟಿದ್ದರು. ಬೀಳ್ಕೊಡುಗೆಯ ದಿನ ಭಾಷಣಗಳು ನಡೆಯುತ್ತಿದ್ದಾಗ ಸೌಟಣ್ಣ ಸಭಾಂಗಣದ ಬಾಗಿಲಲ್ಲಿ ಕಾಣಿಸಿಕೊಂಡು ಕೈಸನ್ನೆ ಮಾಡಿದ. ಸನ್ಮಾನ ಮಾಡಿಸಿಕೊಳ್ಳುತ್ತಿದ್ದ ಮೇಡಂ ಎದ್ದು ಹಡಗಿನ ಶೀತಲ ಕೋಣೆಗೇ ಹೋದರು. ಭಾಷಣಕಾರರು ಬಾಯಿ ತೆರೆದುಕೊಂಡು ನಿಂತರು. ಒಣಕಲು ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಹೊಸ ತಲೆ ಮೂಡಿತ್ತು, ಅದರ ಸುತ್ತ ಆಗಲೇ ಕೈಗಳ ಮೊಳಕೆ. ಬುಡ ಕೆಸರನ್ನು ಹಿಡಿದಿದ್ದರೆ, ನೀರು ತಣ್ಣಗಿದ್ದರೆ, ಅದು ಮತ್ತೆ ಶುರು ಮಾಡುತ್ತದೆಯಂತೆ. ಮೇಡಂ ಸಭೆಗೆ ಮರಳಿದ್ದು ಎಲ್ಲ ಭಾಷಣಗಳು ಮುಗಿದ ಮೇಲೆ. ಉತ್ತರವಾಗಿ ಅವರು ಆಡಿದ ಮಾತು ಇಷ್ಟೇ: "ಕುರ್ಚಿ ಬೇರೆಯವರಿಗೆ ಕೊಡಿ. ಶೀತಲ ಕೋಣೆಯ ಆ ಮೂಲೆ ಮಾತ್ರ ನನಗೆ ಬಿಡಿ."

"ಹಾಲಿಗೆ ಜಾಗ ಇಲ್ಲ," ಎಂದು ಹಿಂದಿನ ಸಾಲಿನಿಂದ ಸೌಟಣ್ಣ ಕೂಗಿದ. ಆದರೆ ಮೂಲೆಯನ್ನು ಆಗಲೇ ತೊಳೆದು, ಮೇಡಂಗೆಂದು ಒಂದು ಸ್ಟೂಲು ಹಾಕಿ ಬಂದಿದ್ದ.

ತೊಟ್ಟಿಯ ಮೇಲಿನ ಹಳೆಯ ನಿಯಮವನ್ನು ಮೇಡಂ ತಮ್ಮ ಕೈಯಾರೆ ಅಳಿಸಿ ಹೊಸದು ಬರೆದಿದ್ದಾರೆ: ಮೊದಲು ತಣ್ಣಗಿಡು, ಆಮೇಲೆ ನೋಡು. ಬಣ್ಣ ಇನ್ನೂ ಹಸಿಯಾಗಿದೆ, ಮುಟ್ಟಬೇಡಿ ಎಂದು ನಾನು ಎಲ್ಲರನ್ನೂ ಗದರಿಸುತ್ತಿದ್ದೇನೆ. ಮುಂದಿನ ಯಾನ ತಗ್ಗಿನ ಆಚೆ ತುದಿಗೆ; ಅಲ್ಲಿಗೆ ಯಾರೂ ದವಡೆ ಇಳಿಸಿಲ್ಲ. ಮೇಡಂ ಬರುತ್ತಾರೆ, ಯಜಮಾನರು ಅಲಗು ಮಸೆದಿಟ್ಟಿದ್ದಾರೆ, ಬಕೆಟ್ಟು ತೊಳೆದು ಬೋರಲು ಹಾಕಿದ್ದೇನೆ.

ನಮ್ಮ ಹಿರಿಯರು ಮನಸಾರೆ ಹರಸುವಾಗ, ನಿನ್ನ ಹೊಟ್ಟೆ ತಣ್ಣಗಿರಲಿ ಎನ್ನುತ್ತಿದ್ದರು. ನಮ್ಮ ಕೈಗಳನ್ನು ಬೆಚ್ಚಗಿಟ್ಟ ಈ ತಾಯಿಗೆ ಅದಕ್ಕಿಂತ ದೊಡ್ಡ ಹಾರೈಕೆ ನನಗೆ ಗೊತ್ತಿಲ್ಲ. ಮೇಡಂ, ಬಹುಕಾಲ ತಣ್ಣಗಿರಿ. ಹಗ್ಗ ಸಿದ್ಧವಿದೆ.